ಆಡುವುದಿಲ್ಲ ಎಂದ ಅಣ್ಣತಮ್ಮಂದಿರು

1920ರ ಡಿಸೆಂಬರ್ ತಿಂಗಳು. ಮುಂಬಯಿಯಲ್ಲಿ ವರ್ಷದ ದೊಡ್ಡ ಕ್ರಿಕೆಟ್ ಪಂದ್ಯಾವಳಿ ಕ್ವಾಡ್ರಾಂಗ್ಯುಲರ್ ನಡೆಯುವ ಹೊತ್ತು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಹೀಗೆ ನಾಲ್ಕು ತಂಡ. ಹಿಂದೂ ತಂಡ ಮುಸ್ಲಿಂ ತಂಡವನ್ನು ಎದುರಿಸಬೇಕಿತ್ತು. ಆಗ ಹಿಂದೂ ತಂಡದ ಇಬ್ಬರು ಆಟಗಾರರು, ಶಿವರಾಮ ಪಾಲವಣಕರ ಮತ್ತು ಅವರ ತಮ್ಮ ವಿಠ್ಠಲ ಪಾಲವಣಕರ, ತಾವು ಆಡುವುದಿಲ್ಲವೆಂದು ತಂಡದಿಂದ ಹೊರಬಿದ್ದರು. ಸುಮ್ಮನೆ ಮನೆಗೆ ಹೋಗಲಿಲ್ಲ. ಏಕೆ ಆಡುವುದಿಲ್ಲ ಎಂಬುದನ್ನು ಹೇಳಿಕೆ ಬರೆದು ಜನರ ಮುಂದಿಟ್ಟರು. ಜಾತಿಯ ಕಾರಣಕ್ಕೆ ನಮಗೆ ಸಲ್ಲಬೇಕಾದ ನಾಯಕತ್ವ ತಪ್ಪಿಸಲಾಗಿದೆ, ಸ್ವಾಭಿಮಾನ ಬಿಟ್ಟು ಆಡಲಾರೆವು ಎಂಬುದು ಅದರ ಸಾರ.

ಆ ತಂಡಕ್ಕೆ ಇಂದಿನ ಐಪಿಎಲ್ ತಂಡಗಳಿಗಿರುವಂಥ ಮಾಲೀಕರು ಇರಲಿಲ್ಲ. ಹಿಂದೂ ಜಿಮ್ಖಾನಾದ ಆಯ್ಕೆ ಸಮಿತಿಯೇ ಮಾಲೀಕ. ಯಾರನ್ನು ಕರೆಯಬೇಕು, ಯಾರನ್ನು ಕೈಬಿಡಬೇಕು, ಯಾರ ಮಾತನ್ನು ಹನ್ನೊಂದು ಮಂದಿ ಕೇಳಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಪಾಲವಣಕರ ಕುಟುಂಬ ಚಮ್ಮಾರ ಜಾತಿಗೆ ಸೇರಿದ್ದು. ಊರಿನ ಭಾವಿ, ಗುಡಿಗಳ ಹತ್ತಿರ ಸುಳಿಯಲು ಆ ಜನಕ್ಕೆ ಬಿಡದಿದ್ದ ಕಾಲ ಅದು.

ಈ ಕಥೆಯನ್ನು ವಿಜಯಪುರದಲ್ಲಿ ಕುಳಿತು ಹೇಳುವುದಕ್ಕೆ ಕಾರಣವಿದೆ. ನಮ್ಮ ಊರಿನ ಜಿಲ್ಲಾ ಕ್ರೀಡಾಂಗಣಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ತಿಕೋಟಾ, ಬಬಲೇಶ್ವರದ ಹುಡುಗರು ಟೆನಿಸ್ ಬಾಲ್ ಹಿಡಿದು, ಬೆಳೆ ತೆಗೆದ ಹೊಲದಲ್ಲಿಯೇ ಪಿಚ್ ಮಾಡಿಕೊಂಡು ಆಡುತ್ತಾರೆ. ಅಂಬೇಡ್ಕರ್ ಹೆಸರಿಗೂ ಕ್ರಿಕೆಟ್ಟಿಗೂ ಇರುವ ಹಳೆಯ ನಂಟು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಅಂಬೇಡ್ಕರ್ ತಮ್ಮ ಯೌವನದಲ್ಲಿ ಮೆಚ್ಚಿ ತಲೆಬಾಗಿದ ಆಟಗಾರ ಒಬ್ಬರಿದ್ದರು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಶಿವರಾಮ, ವಿಠ್ಠಲರ ಹಿರಿಯಣ್ಣ, ಬಾಳೂ ಪಾಲವಣಕರ.

ಮನೆತನದ ಮೂಲ ಕೊಂಕಣದ ಪಾಲವಣ ಎಂಬ ಹಳ್ಳಿ. ಬಾಳೂ ಧಾರವಾಡದಲ್ಲಿ ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ. ಆಗ ಧಾರವಾಡ, ವಿಜಾಪುರ, ಬೆಳಗಾವಿ, ಪುಣೆ, ಮುಂಬಯಿ ಎಲ್ಲವೂ ಒಂದೇ ಮುಂಬಯಿ ಪ್ರಾಂತದ ಊರುಗಳು. ತಂದೆಯ ನೌಕರಿ ಸೈನ್ಯದಲ್ಲಿ. ಅದರ ಬೆನ್ನಿಗೆ ಸಂಸಾರ ಪುಣೆಗೆ ಹೋಯಿತು. ದಂಡಿನ ಅಧಿಕಾರಿಗಳು ಬಿಟ್ಟುಹೋದ ಬ್ಯಾಟು ಚೆಂಡುಗಳಿಂದ ಅಣ್ಣತಮ್ಮಂದಿರು ಆಟ ಕಲಿತರು.

ಬಾಳೂ ಅವರ ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಅಂಗಳ ಗುಡಿಸುವುದು, ಪಿಚ್ಚಿಗೆ ರೋಲರ್ ಎಳೆಯುವುದು, ಸದಸ್ಯರು ಕರೆದಾಗ ನಾಲ್ಕು ಚೆಂಡು ಎಸೆಯುವುದು. ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ನಾಲ್ಕು ರೂಪಾಯಿ. ನೆಟ್ ಕಟ್ಟುವುದು, ಟೆನಿಸ್ ಅಂಗಳಕ್ಕೆ ಗೆರೆ ಹಾಕುವುದು ಕೂಡ ಅವರ ಪಾಲಿಗೇ. ಬಿಳಿಯ ಅಧಿಕಾರಿಗಳಿಗೆ ಅಭ್ಯಾಸಕ್ಕೆ ಚೆಂಡು ಎಸೆಯುವ ಆಳು ಬೇಕಿತ್ತು. ಎಡಗೈಯಲ್ಲಿ ನಿಧಾನವಾಗಿ, ಎರಡೂ ಕಡೆ ತಿರುಗಿಸಿ, ಎಸೆತದ ಎತ್ತರವನ್ನೂ ವೇಗವನ್ನೂ ಬದಲಿಸುತ್ತ ಬಾಳೂ ಚೆಂಡು ಹಾಕತೊಡಗಿದರು. ಆಗಿನ ಪ್ರಸಿದ್ಧ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಗ್ರೆಗ್ ಎಲ್ಲರಿಗಿಂತ ಮೊದಲೇ ಬಂದು ಇವರ ಎದುರು ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಔಟ್ ಮಾಡಿದಾಗೊಮ್ಮೆ ಎಂಟಾಣೆ ಕೊಡುತ್ತಿದ್ದ ಎಂಬ ಕಥೆ ಬಹಳ ಪ್ರಚಲಿತ. ಗಂಟೆಗಟ್ಟಲೆ ಚೆಂಡು ಹಾಕಿದ ಆ ಕೈಗೆ ಅಲ್ಲಿ ಯಾರೂ ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೌಲಿಂಗ್ ಆಳಿನ ಕೆಲಸ ಎಂಬ ಲೆಕ್ಕ ಬಿಳಿಯರಲ್ಲೂ ಇತ್ತು.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆ. ಬಿಳಿಯರ ನೆಟ್ಟಿನಲ್ಲಿಯೇ ಬಿಳಿಯರನ್ನು ತಡಕಾಡಿಸುತ್ತಿದ್ದ ಬೌಲರ್ ಕಣ್ಣೆದುರಿಗೇ ಇದ್ದ. ಆದರೆ ಅವನ ಜಾತಿ? ತಂಡದೊಳಗೆ ವಾದ ನಡೆಯಿತು. ತೆಲುಗು ಆಟಗಾರರು ಬೇಕೆಂದರು, ಮರಾಠಿ ಬ್ರಾಹ್ಮಣರಲ್ಲಿ ಕೆಲವರು ಬೇಡವೆಂದರು. ಇಂಥ ಬೌಲರನನ್ನು ಬಿಟ್ಟರೆ ಹಿಂದೂಗಳು ಮೂರ್ಖರು ಎಂಬರ್ಥದ ಮಾತನ್ನು ಗ್ರೆಗ್ ಹೇಳಿದ್ದೂ ಸುದ್ದಿಯಾಯಿತು. ಕೊನೆಗೆ ಬಾಳೂ ಅವರನ್ನು ಸೇರಿಸಿಕೊಂಡರು. ಸೇರಿಸಿಕೊಂಡ ಬಗೆ ಹೀಗಿತ್ತು: ಅಂಗಳದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಬಾಳೂ ಮುಟ್ಟಬಹುದು. ಚಹಾದ ಹೊತ್ತಿಗೆ ಉಳಿದ ಹತ್ತು ಮಂದಿ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂ ಹೊರಗೆ ನಿಂತು ಒಮ್ಮೆ ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಕೈಕಾಲು ತೊಳೆಯಲು ನೀರು ಬೇಕೆಂದರೆ ಕ್ಲಬ್ಬಿನ ಅಸ್ಪೃಶ್ಯ ಆಳೇ ಅಂಗಳದ ಮೂಲೆಗೆ ತಂದು ಹಾಕಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ನಮ್ಮ ಕಡೆಯ ಹಳ್ಳಿಗಳಲ್ಲಿ ಚಹಾದ ಅಂಗಡಿಯ ಹೊರಗೆ ದಲಿತರಿಗೆಂದು ಬೇರೆ ಇಟ್ಟ ಕಪ್ಪು ಬಸಿ ಕಂಡವರು ಇನ್ನೂ ಇದ್ದಾರೆ. ಕುಡಿದವರೇ ತೊಳೆದಿಡಬೇಕು. ಅವರಿಗೆ ಬಾಳೂ ಅವರ ಮಣ್ಣಿನ ಕುಡಿಕೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

ಸಾತಾರಾದಲ್ಲಿ ನಡೆದ ಒಂದು ಪಂದ್ಯದ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಬಿಳಿಯರ ಜಿಮ್ಖಾನಾದವರು ಬಾಳೂ ಅವರ ತಿರುವಿಗೆ ಹೆದರಿ, ದಿನಗಟ್ಟಲೆ ರೋಲರ್ ಎಳೆಸಿ ಪಿಚ್ಚನ್ನು ಗಟ್ಟಿ ಮಾಡಿಸಿದ್ದರು. ಹಾಗಿದ್ದೂ ಬಾಳೂ ಏಳು ವಿಕೆಟ್ ಕಿತ್ತರು, ಪುಣೆಯ ಹಿಂದೂಗಳು ಗೆದ್ದರು. ಗೆದ್ದು ಬಂದ ತಂಡದ ಸತ್ಕಾರದಲ್ಲಿ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಬಾಳೂ ಅವರಿಗೆ ಮಾಲೆ ಹಾಕಿದರು. ಜತೆಯಲ್ಲಿ ಆಡಬಹುದಾದರೆ ಜತೆಯಲ್ಲಿ ಉಣ್ಣಲು ಏನು ಅಡ್ಡಿ ಎಂದು ಉಳಿದ ಆಟಗಾರರನ್ನು ಕೇಳಿದರೆಂದು ಹೇಳುತ್ತಾರೆ. ಇನ್ನೊಂದು ಸಭೆಯಲ್ಲಿ ಟಿಳಕರೂ ಬಾಳೂ ಅವರನ್ನು ಗೌರವಿಸಿದರು. ಏಳು ವಿಕೆಟ್ ಕೀಳದಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲವೇನೋ. ಇದು ನನ್ನನ್ನು ಕಾಡುತ್ತದೆ. ಮನುಷ್ಯನೊಬ್ಬ ಉಳಿದವರ ಪಂಕ್ತಿಯಲ್ಲಿ ಕುಳಿತು ಉಣ್ಣಲು ಅಷ್ಟು ದೊಡ್ಡ ಪರೀಕ್ಷೆ ಪಾಸಾಗಬೇಕಿತ್ತು.

1896ರಲ್ಲಿ ಪ್ಲೇಗು ಬಂದು ಎಲ್ಲರ ಬದುಕು ಚದುರಿತು. ಬಾಳೂ ಮುಂಬಯಿ ಸೇರಿದರು. ಅಲ್ಲಿ ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾದ ನಾಯಕ ಕೀರ್ತಿಕರ ಪಟ್ಟು ಹಿಡಿದದ್ದರಿಂದ ತಂಡಕ್ಕೆ ಸೇರಿದರು. ಮುಂಬಯಿ, ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. 1906ರಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ನಡುವೆ ಮೊಟ್ಟಮೊದಲ ದೊಡ್ಡ ಪಂದ್ಯ. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಹಿಂದೂಗಳಿಗೆ 109 ರನ್ನುಗಳ ಗೆಲುವು. ಬಾಳೂ ಎಂಟು ವಿಕೆಟ್ ತೆಗೆದರು. ತಮ್ಮ ಶಿವರಾಮನೂ ಆ ಪಂದ್ಯದಲ್ಲಿದ್ದ. ಸ್ವದೇಶಿ ಚಳವಳಿಯ ಬಿಸಿ ಇದ್ದ ದಿನಗಳು, ಊರೆಲ್ಲ ಹಬ್ಬ. ಅಸ್ಪೃಶ್ಯ ಆಟಗಾರರನ್ನು ಸೇರಿಸಿಕೊಂಡದ್ದರಿಂದಲೇ ಈ ಗೆಲುವು ಬಂತು ಎಂಬುದನ್ನು ಸುಧಾರಕರ ಪತ್ರಿಕೆಗಳು ಒತ್ತಿ ಬರೆದವು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಭಾರತದ ಮೊದಲ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಿನ ಪಂದ್ಯ ಸೋತಿತು. ಬಾಳೂ ಮಾತ್ರ ಸೋಲಲಿಲ್ಲ. ಭುಜದ ನೋವಿನಲ್ಲೂ ಎಸೆಯುತ್ತ ಎಲ್ಲ ಪಂದ್ಯ ಸೇರಿ 114 ವಿಕೆಟ್ ಪಡೆದರು. ಶಿವರಾಮ ಸಾಮರ್‌ಸೆಟ್ ವಿರುದ್ಧ ಶತಕ ಹೊಡೆದರು. ಮರಳಿ ಬಂದಾಗ ಮುಂಬಯಿಯ ದಲಿತ ಸಮಾಜ ಬಾಳೂ ಅವರಿಗೆ ಸತ್ಕಾರ ಏರ್ಪಡಿಸಿತು. ಆ ಸಭೆಯ ಮಾನಪತ್ರ ಬರೆದವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಇಪ್ಪತ್ತರ ಹರೆಯದ ಭೀಮರಾವ ಅಂಬೇಡ್ಕರ್. ಸೈನ್ಯದ ನೌಕರಿಯವರ ಮನೆಯ ಹುಡುಗ, ಸೈನ್ಯದ ನೌಕರಿಯವರ ಮನೆಯಿಂದಲೇ ಬಂದ ಹಿರಿಯನ ಬಗ್ಗೆ ಬರೆದ ಮಾನಪತ್ರ ಅದು. ಬಾಳೂ ಅವರ ಎಡಗೈ ಸ್ಪಿನ್ ಎಂದಾಗ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ನೆನಪಾಗುತ್ತಾರೆ. ಅವರು 2017ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಕೇವಲ 15 ರನ್ನಿಗೆ 5 ವಿಕೆಟ್ ಕಿತ್ತದ್ದನ್ನು ಊರಿಗೆ ಊರೇ ಸಂಭ್ರಮಿಸಿತು. ಇಂಗ್ಲೆಂಡಿನ ನೆಲದಲ್ಲಿ ಎಡಗೈ ನಿಧಾನದ ಎಸೆತಕ್ಕೆ ಹೆಸರು ತಂದುಕೊಟ್ಟ ಬಾಳೂ ಅವರೂ ಈ ಸೀಮೆಯಲ್ಲಿಯೇ ಹುಟ್ಟಿದವರೆಂಬುದನ್ನು ಅದೇ ಸಂಭ್ರಮದೊಂದಿಗೆ ನೆನೆಯಬೇಕು.

ಇಷ್ಟೆಲ್ಲ ಆದರೂ ಬಾಳೂ ಹಿಂದೂ ತಂಡದ ನಾಯಕರಾಗಲಿಲ್ಲ. ವರ್ಷ ವರ್ಷವೂ ಅವರ ಹೆಸರು ಕೇಳಿಬರುತ್ತಿತ್ತು, ವರ್ಷ ವರ್ಷವೂ ಬೇರೆಯವರು ಆಯ್ಕೆಯಾಗುತ್ತಿದ್ದರು. ಬ್ರಾಹ್ಮಣರಾದ ಎಂ.ಡಿ. ಪೈ ನಾಯಕರಾದಾಗ, ಹಿರಿತನದಿಂದ ಈ ಮಾನ ಗೆಳೆಯ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ತುಂಬಿದ ಸಭೆಯಲ್ಲಿಯೇ ಹೇಳಿದರು. ದೊಡ್ಡ ಮನಸ್ಸಿನ ಮಾತು ಅದು. ಸಮಿತಿ ಮಾತ್ರ ಅಲುಗಲಿಲ್ಲ.

ಏಕೆ ಅಲುಗಲಿಲ್ಲ? ಬೌಲರ್ ಬೇರೆಯವರು ಹೇಳಿದಂತೆ ಕೇಳಬೇಕಾದವನು. ನಾಯಕ ಹಾಗಲ್ಲ. ಅವನು ಕೈ ಮಾಡಿದ ಕಡೆ ಸಾರಸ್ವತ, ಚಿತ್ಪಾವನ ಬ್ರಾಹ್ಮಣರೂ ಓಡಿ ನಿಲ್ಲಬೇಕು. ಟಾಸ್ ಹಾಕಲು ಬಿಳಿಯ ನಾಯಕನ ಸರಿಸಮ ನಡೆದು ಹೋಗಬೇಕು. ಔತಣಕೂಟದಲ್ಲಿ ಗವರ್ನರರ ಪಕ್ಕ ಕೂಡಬೇಕು, ಕಪ್ಪನ್ನು ಕೈಯಲ್ಲಿ ಹಿಡಿಯಬೇಕು. ಒಟ್ಟಿಗೆ ಉಣ್ಣುವುದನ್ನು ಒಪ್ಪಿಕೊಂಡಿದ್ದ ಸಮಿತಿಗೂ ಆಜ್ಞೆ ಪಾಲಿಸುವುದು ನುಂಗಲಾರದ ತುತ್ತಾಗಿತ್ತು.

ಈಗ 1920ಕ್ಕೆ ಬರೋಣ. ಆ ವರ್ಷವೇ ಒಂದು ಕಾದ ಹಂಚು. ಜನವರಿಯಲ್ಲಿ ಅಂಬೇಡ್ಕರ್ ‘ಮೂಕನಾಯಕ’ ಪತ್ರಿಕೆ ಶುರು ಮಾಡಿದರು. ಮಾರ್ಚಿನಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾವದಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಶಾಹೂ ಮಹಾರಾಜರೇ ಬಂದರು. ಅಸಹಕಾರ ಚಳವಳಿ ಹಬ್ಬುತ್ತಿತ್ತು. ಡಿಸೆಂಬರಿನ ನಾಗಪುರ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಅಸ್ಪೃಶ್ಯತೆ ತೊಲಗದೆ ಸ್ವರಾಜ್ಯವಿಲ್ಲ ಎಂಬ ಗಾಂಧಿಯವರ ಮಾತು ಎಲ್ಲೆಡೆ ಚರ್ಚೆಯಾಗುತ್ತಿತ್ತು. ಅನ್ಯಾಯ ಮಾಡುವವರ ಜತೆ ಸಹಕರಿಸುವುದಿಲ್ಲ ಎಂಬ ದಾರಿ ದೇಶದ ಮುಂದಿತ್ತು.

ಕ್ವಾಡ್ರಾಂಗ್ಯುಲರ್‌ಗೆ ಹಿಂದೂ ತಂಡ ಆರಿಸುವಾಗ ಸಮಿತಿ ಬಾಳೂ ಅವರನ್ನು ಕೈಬಿಟ್ಟಿತು. ನಲವತ್ತೈದರ ಆಸುಪಾಸಿನ ವಯಸ್ಸು, ಆಟದ ಲೆಕ್ಕದಲ್ಲಿ ಅದಕ್ಕೊಂದು ಸಮರ್ಥನೆ ಹೇಳಬಹುದಿತ್ತು. ಅಷ್ಟರಲ್ಲಿ ನಾಯಕ ಪೈ ಅನಾರೋಗ್ಯದಿಂದ ಮೊದಲ ಪಂದ್ಯ ಆಡಲಾರದೆ ಹೋದರು. ಅವರ ಸ್ಥಾನಕ್ಕೆ ಸಹಜವಾಗಿ ಬರಬೇಕಾದವರು ವಿಠ್ಠಲ ಅಥವಾ ಶಿವರಾಮ. ವಿಠ್ಠಲ ಆಗ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ನರಲ್ಲಿ ಒಬ್ಬರು. ಶಿವರಾಮ 1906ರಿಂದಲೂ ಆಡುತ್ತ ಬಂದವರು, ಇಂಗ್ಲೆಂಡ್ ಕಂಡವರು. ಸಮಿತಿ ಇಬ್ಬರನ್ನೂ ದಾಟಿ ಪುಣೆಯ ದಿನಕರ ಬಳವಂತ ದೇವಧರರನ್ನು ನಾಯಕ ಮಾಡಿತು. ದೇವಧರ ಒಳ್ಳೆಯ ಆಟಗಾರರೇ. ಮುಂದೆ ಅವರ ಹೆಸರಿನಲ್ಲಿ ದೇವಧರ ಟ್ರೋಫಿಯೇ ಶುರುವಾಯಿತು. ಆದರೆ ಆಗ ಅವರಿಗೆ 28 ವರ್ಷ. ಪಾಲವಣಕರ ಸಹೋದರರಿಗಿಂತ ಕಿರಿಯರು, ಕಾಲೇಜು ಓದಿದವರು, ಜಾತಿಯಿಂದ ಬ್ರಾಹ್ಮಣರು.

ಆಗ ಅಣ್ಣತಮ್ಮಂದಿರು ಏನು ಮಾಡಬೇಕಿತ್ತು? ಹಣಕ್ಕಾಗಿ ಆಡುವ ಆಟ ಅದಾಗಿರಲಿಲ್ಲ, ಸಂಬಳ ಹೋಗುತ್ತದೆಂಬ ಅಂಜಿಕೆ ಇರಲಿಲ್ಲ. ಹೋಗುವಂಥದ್ದು ಅದಕ್ಕಿಂತ ದೊಡ್ಡದಿತ್ತು. ಹಿಂದೂ ತಂಡದೊಳಗೆ ಒಂದು ಜಾಗಕ್ಕಾಗಿ ಅವರ ಅಣ್ಣ ಕಾಲು ಶತಮಾನ ಸವೆದಿದ್ದರು. ಹೊರಗೆ ನಿಂತು ಕುಡಿಕೆಯಲ್ಲಿ ಚಹಾ ಕುಡಿದಿದ್ದರು, ಒಂದೊಂದೇ ವಿಕೆಟ್ ಕಿತ್ತು ಒಂದೊಂದೇ ಬಾಗಿಲು ತೆರೆಸಿದ್ದರು. ತಮ್ಮಂದಿರು ಒಳಗೆ ಬಂದದ್ದು ಆ ಬಾಗಿಲಿನಿಂದ. ಅದೇ ಜಾಗವನ್ನು ತಾವಾಗಿಯೇ ಬಿಟ್ಟು ಎದ್ದುಬರುವುದು ಸುಲಭವಲ್ಲ. ಒಳಗೆ ಸೇರಿಸಿಕೊಂಡದ್ದೇ ಉಪಕಾರ, ಇವರಿಗೆ ಸೊಕ್ಕು ಬಂದಿದೆ ಎನ್ನುವವರು ಇದ್ದೇ ಇರುತ್ತಾರೆ. ಪಂದ್ಯ ಸೋತರೆ ಹಿಂದೂಗಳ ಮಾನ ಕಳೆದವರು ಇವರೇ ಎಂಬ ಹೊರೆ ಬೇರೆ. ಒಮ್ಮೆ ಹೊರಬಿದ್ದರೆ ಮತ್ತೆ ಕರೆಯುತ್ತಾರೆಂಬ ಖಾತ್ರಿ ಯಾರೂ ಕೊಟ್ಟಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರವೆಂದರೆ ಊರವರು ದಲಿತರ ಕೇರಿಗೆ ಕೆಲಸ, ಕಿರಾಣಿ, ನೀರು ನಿಲ್ಲಿಸುವುದು. ಅದನ್ನು ತಿರುಗಿಸಿ ಮೇಲಿನವರ ಮೇಲೆಯೇ ಪ್ರಯೋಗಿಸಲು ಮೇಲಿನವರಿಗೆ ಬೇಕಾದದ್ದೇನೋ ನಮ್ಮ ಕೈಯಲ್ಲಿರಬೇಕು. ಪಾಲವಣಕರರ ಕೈಯಲ್ಲಿ ಆಟವಿತ್ತು.

ಅವರು ಆಡಲಿಲ್ಲ. ಮುಂಬಯಿಯಲ್ಲಿ ಜನ ಎರಡು ಪಾಲಾದರು. ಸಹೋದರರ ಪರ ನಿಂತ ಅಭಿಮಾನಿಗಳು ಕಡಿಮೆ ಇರಲಿಲ್ಲ. ಹಿಂದೂ ತಂಡ ಫೈನಲ್ ತಲುಪಿತು, ಎದುರಿಗೆ ಬಲವಾದ ಪಾರ್ಸಿ ತಂಡ. ಸಮಿತಿ ತನ್ನ ಪಟ್ಟು ಸಡಿಲಿಸಿತು. ಪೈ ಚೇತರಿಸಿಕೊಂಡು ನಾಯಕರಾಗಿ ಮರಳಿದರು, ಕೈಬಿಟ್ಟಿದ್ದ ಬಾಳೂ ಅವರನ್ನು ಕರೆದು ಉಪನಾಯಕ ಮಾಡಿದರು, ವಿಠ್ಠಲ ಮತ್ತು ಶಿವರಾಮ ತಂಡಕ್ಕೆ ಬಂದರು. ಪಂದ್ಯದ ನಡುವೆ ಪೈ ಸ್ವಲ್ಪ ಹೊತ್ತು ಅಂಗಳದಿಂದ ಹೊರಗುಳಿದರು. ಅಷ್ಟು ಹೊತ್ತು ಹಿಂದೂ ತಂಡವನ್ನು ನಡೆಸಿದವರು ಬಾಳೂ. ಧಾರವಾಡದಲ್ಲಿ ಹುಟ್ಟಿದ, ಮೂರು ರೂಪಾಯಿಗೆ ಪಿಚ್ ಗುಡಿಸಿದ ಮನುಷ್ಯ ಕೈ ಎತ್ತಿ ತೋರಿಸಿದ ಜಾಗಕ್ಕೆ ಮೇಲ್ಜಾತಿಯ ಆಟಗಾರರು ಹೋಗಿ ನಿಂತರು. ಪೈ ಬೇಕೆಂದೇ ಹೊರಗುಳಿದರೆಂದು ನಂಬಲು ನನ್ನ ಮನಸ್ಸು ಹಾತೊರೆಯುತ್ತದೆ.

ಇದರ ಜತೆ ಇನ್ನೊಂದು ಪ್ರಸಂಗ ನೋಡಬೇಕು. 2014ರ ಏಪ್ರಿಲಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಬಾಸ್ಕೆಟ್‌ಬಾಲ್ ತಂಡದ ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್ ಕಪ್ಪು ಜನರ ಬಗ್ಗೆ ಆಡಿದ ಕೀಳು ಮಾತುಗಳ ಧ್ವನಿಮುದ್ರಣ ಹೊರಬಿತ್ತು. ಅವನ ಆಟಗಾರರಲ್ಲಿ ಹೆಚ್ಚಿನವರು ಕಪ್ಪು ಜನರೇ. ಪ್ಲೇಆಫ್ ಪಂದ್ಯ ಎದುರಿಗಿತ್ತು. ಆಡಬೇಕೋ ಬಿಡಬೇಕೋ ಎಂದು ಆಟಗಾರರು ಕೂಡಿ ಚರ್ಚಿಸಿದರು, ಆಡುವುದೆಂದು ತೀರ್ಮಾನಿಸಿದರು. ಏಪ್ರಿಲ್ 27ರಂದು ತಂಡದ ಹೆಸರಿದ್ದ ಮೇಲಂಗಿಗಳನ್ನು ಅಂಗಳದ ನಡುವೆ ಕಳಚಿ ಹಾಕಿ, ಒಳಗಿನ ಅಂಗಿಗಳನ್ನು ಹೆಸರು ಕಾಣದಂತೆ ತಿರುವಿ ತೊಟ್ಟು ಅಭ್ಯಾಸ ಮಾಡಿದರು. ಪಂದ್ಯ ಸೋತರು. ಎರಡು ದಿನ ಕಳೆದು ಲೀಗಿನ ಮುಖ್ಯಸ್ಥ ಆಡಂ ಸಿಲ್ವರ್ ಸ್ಟರ್ಲಿಂಗ್‌ಗೆ ಆಜೀವ ನಿಷೇಧ ಹೇರಿ 25 ಲಕ್ಷ ಡಾಲರ್ ದಂಡ ಹಾಕಿದರು. ಆ ಆಟಗಾರರನ್ನು ನಾನು ಹಳಿಯುವುದಿಲ್ಲ. ಒಬ್ಬ ಮಾಲೀಕನನ್ನು ಹೊರಹಾಕುವ ಶಕ್ತಿ ಇದ್ದ ಲೀಗು ಅವರಿಗಿತ್ತು, ಜಗತ್ತಿನ ಕ್ಯಾಮೆರಾಗಳು ಅವರ ಕಡೆ ತಿರುಗಿದ್ದವು. 1920ರಲ್ಲಿ ಹಿಂದೂ ಜಿಮ್ಖಾನಾದ ಮೇಲೆ ದೂರು ಕೇಳುವವರು ಯಾರೂ ಇರಲಿಲ್ಲ. ಅಸ್ಪೃಶ್ಯತೆ ಅಪರಾಧ ಎನ್ನುವ ಕಾನೂನಿಗೆ ಇನ್ನೂ ದಶಕಗಳ ಕಾಲ ಕಾಯಬೇಕಿತ್ತು. ಆಡುವುದಿಲ್ಲ ಎನ್ನುವುದೊಂದೇ ಪಾಲವಣಕರ ಸಹೋದರರ ಅರ್ಜಿ, ಅವರ ಕೋರ್ಟು.

ಅದರ ಫಲ ಕಾಣಲು ಮೂರು ವರ್ಷ ಬೇಕಾಯಿತು. 1923ರಲ್ಲಿ ವಿಠ್ಠಲ ಪಾಲವಣಕರ ಹಿಂದೂ ತಂಡದ ನಾಯಕರಾದರು. ಆ ವರ್ಷ ಕ್ವಾಡ್ರಾಂಗ್ಯುಲರ್ ಗೆದ್ದರು. ಯುರೋಪಿಯನ್ನರನ್ನು ಸೋಲಿಸಿದಾಗ ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಸಮಾಜದ ಹೆಗಲುಗಳು ಅವು. 1925 ಮತ್ತು 1926ರಲ್ಲಿಯೂ ಅವರ ನಾಯಕತ್ವದಲ್ಲಿ ಕಪ್ಪು ಬಂತು. ನಾಯಕತ್ವಕ್ಕೆ ಈ ಜನ ತಕ್ಕವರಲ್ಲ ಎಂದವರಿಗೆ ಉತ್ತರ ಕೊಡಲು ನಾಲ್ಕು ವರ್ಷದಲ್ಲಿ ಮೂರು ಗೆಲುವು ಸಾಕು. ವಿಠ್ಠಲ ತಮ್ಮ ಆಟದ ಬದುಕನ್ನು ಮರಾಠಿಯಲ್ಲಿ ‘ಮಾಝೇ ಕ್ರೀಡಾಜೀವನ’ ಎಂಬ ಪುಸ್ತಕವಾಗಿ 1948ರಲ್ಲಿ ಬರೆದರು. ಮರಾಠಿ ಓದಬಲ್ಲವರು ವಿಜಯಪುರದಲ್ಲಿ ಬಹಳ ಮಂದಿ ಇದ್ದಾರೆ. ಹುಡುಕಿ ಓದಬೇಕಾದ ಪುಸ್ತಕ.

ಬಾಳೂ ಅವರಿಗೆ ಮಾತ್ರ ನಾಯಕನೆಂಬ ಹೆಸರು ಸಿಗಲೇ ಇಲ್ಲ. ಆ ಒಂದು ಫೈನಲ್ಲಿನ ಸ್ವಲ್ಪ ಹೊತ್ತೇ ಅವರ ಪಾಲಿಗೆ ಬಂದದ್ದು. ಆಟ ಬಿಟ್ಟ ಮೇಲೆ ಅವರು ರಾಜಕಾರಣಕ್ಕೆ ಬಂದರು. ಅಲ್ಲಿ ಅವರ ದಾರಿಯೂ ಅಂಬೇಡ್ಕರರ ದಾರಿಯೂ ಬೇರೆಯಾದವು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರ್ ಹೋರಾಡಿದರೆ, ಬಾಳೂ ಗಾಂಧಿಯವರ ಕಡೆ ನಿಂತರು. ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಕೈಬಿಟ್ಟ 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅಂಬೇಡ್ಕರರ ವಿರುದ್ಧ ನಿಲ್ಲಿಸಿದ್ದು ಬಾಳೂ ಅವರನ್ನೇ. ಇದನ್ನು ಓದುವಾಗ ಸಂಕಟವಾಗುತ್ತದೆ. ಮಾನಪತ್ರ ಬರೆದ ವಿದ್ಯಾರ್ಥಿ ಈಗ ದೊಡ್ಡ ನಾಯಕ, ಮಾನಪತ್ರ ಸ್ವೀಕರಿಸಿದ ಹಿರಿಯ ಅವನಿಗೆ ಎದುರಾಳಿ. ಅಂಬೇಡ್ಕರ್‌ಗೆ 13,245 ಮತ, ಬಾಳೂ ಅವರಿಗೆ 11,225. ಬಾಳೂ ಮಾಡಿದ್ದು ತಪ್ಪು ಎಂದು ನನಗೆ ಅನಿಸುತ್ತದೆ. ಅಂಬೇಡ್ಕರರನ್ನು ತಡೆಯಲು ದೊಡ್ಡ ಪಕ್ಷವೊಂದು ಅವರ ಹೆಸರನ್ನು ಬಳಸಿಕೊಂಡಿತು. ಹಾಗೆಂದು ಅವರನ್ನು ಮರೆಯಲು ನಾನು ಒಪ್ಪುವುದಿಲ್ಲ. ಅಂಬೇಡ್ಕರರ ಎದುರು ಹನ್ನೊಂದು ಸಾವಿರ ಜನ ಅವರಿಗೆ ಮತ ಹಾಕಿದ್ದರ ಹಿಂದೆ ಕಾಂಗ್ರೆಸ್ಸಿನ ಬಲದ ಜತೆಗೆ ಆ ಎಡಗೈಯ ಮೇಲಿನ ಪ್ರೀತಿಯೂ ಇತ್ತು.

ಬಾಳೂ ಪಾಲವಣಕರ ಮುಂಬಯಿಯಲ್ಲಿ ತೀರಿಕೊಂಡದ್ದು 1955ರ ಜುಲೈನಲ್ಲಿ. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಅಪರಾಧ ಮಾಡಿದ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ಜೂನ್ 1ರಂದು. ಬಾಳೂ ಅವರ ಹೆಸರು ಧಾರವಾಡದ ಶಾಲೆಗಳ ಪಾಠದಲ್ಲಿಯೂ ನಮ್ಮ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆಯುವ ಪಂದ್ಯಗಳ ಟ್ರೋಫಿಯ ಮೇಲೆಯೂ ಇರಬೇಕು. ಇದನ್ನು ಬೇರೆ ಯಾರಾದರೂ ಮಾಡಲಿ ಎಂದು ಕಾಯದೆ ವಿಜಯಪುರ, ತಿಕೋಟಾ, ಬಬಲೇಶ್ವರದ ಕ್ರಿಕೆಟ್ ಸಂಘಟಕರೇ ತಮ್ಮ ಮುಂದಿನ ಪಂದ್ಯಾವಳಿಯಿಂದ ಶುರು ಮಾಡಲಿ.